ಇಲ್ಲದ ದೇಶದ ಕರಡಿ ಬಾವುಟ

ಕ್ಯಾಲಿಫೋರ್ನಿಯಾಕ್ಕೆ ಬಂದು ಹತ್ತೊಂಬತ್ತು ವರ್ಷವಾಯಿತು. ಕೋರ್ಟು, ಲೈಬ್ರರಿ, ಮಗಳ ಶಾಲೆ, ಎಲ್ಲಿ ನೋಡಿದರೂ ಅಮೆರಿಕದ ಬಾವುಟದ ಜೊತೆಗೆ ಇನ್ನೊಂದು ಬಾವುಟ ಹಾರುತ್ತಿರುತ್ತದೆ. ಬಿಳಿ ಬಟ್ಟೆ, ಮೂಲೆಯಲ್ಲೊಂದು ಕೆಂಪು ನಕ್ಷತ್ರ, ಹುಲ್ಲಿನ ಮೇಲೆ ನಡೆದು ಹೋಗುತ್ತಿರುವ ಕರಡಿ, ಬುಡದಲ್ಲಿ ಕೆಂಪು ಪಟ್ಟಿ. ಟೀ ಶರ್ಟು, ಕಾಫಿ ಲೋಟ, ಟೋಪಿಗಳ ಮೇಲೂ ಅದೇ ಕರಡಿ. ಇಷ್ಟು ವರ್ಷ ಅದನ್ನು ನೋಡಿದ್ದೆನೇ ಹೊರತು ಓದಿರಲಿಲ್ಲ. ಓದಿದವಳು ನಾಲ್ಕನೇ ತರಗತಿಯ ನನ್ನ ಮಗಳು.

"ಅಪ್ಪಾ, ನಾವಿರೋದು ಯುನೈಟೆಡ್ ಸ್ಟೇಟ್ಸಲ್ಲಿ ತಾನೆ? ಮತ್ತೆ ಇದ್ರಲ್ಲಿ ಕ್ಯಾಲಿಫೋರ್ನಿಯಾ ರಿಪಬ್ಲಿಕ್ ಅಂತ ಯಾಕಿದೆ? ಅದು ಬೇರೆ ದೇಶಾನಾ?"

ಇಲ್ಲಿ ನಾಲ್ಕನೇ ತರಗತಿಯ ಮಕ್ಕಳಿಗೆ ರಾಜ್ಯದ ಇತಿಹಾಸ ಪಾಠ. ಪ್ರತಿಯೊಬ್ಬರೂ ಒಂದು ವಿಷಯ ಆರಿಸಿಕೊಂಡು ಒಂದು ದೊಡ್ಡ ಹಾಳೆಯಲ್ಲಿ ಚಿತ್ರ ಬರೆದು ವಿವರಿಸಬೇಕು. ನಾನು ಲ್ಯಾಪ್‌ಟಾಪಿನಿಂದ ತಲೆ ಎತ್ತದೆ, "ಅದು ಸುಮ್ನೆ ಹೆಸರು ಪುಟ್ಟಿ" ಅಂದೆ. ಸುಮ್ಮನೆ ಹೆಸರಾಗಿರಲಿಲ್ಲ. ಹುಡುಕುತ್ತಾ ಹೋದರೆ ಅದು 25 ದಿನ ಮಾತ್ರ ಇದ್ದ, ಇದ್ದೂ ಇಲ್ಲದ ಒಂದು ದೇಶದ ಬಾವುಟ. ಆ ದೇಶಕ್ಕೆ ಸಂವಿಧಾನವಿರಲಿಲ್ಲ, ನಾಣ್ಯವಿರಲಿಲ್ಲ, ಗಡಿ ಎಲ್ಲಿಂದ ಎಲ್ಲಿಯವರೆಗೆ ಎಂಬುದು ಅದನ್ನು ಘೋಷಿಸಿದವರಿಗೇ ಗೊತ್ತಿರಲಿಲ್ಲ. ಜಗತ್ತಿನ ಯಾವ ಸರ್ಕಾರವೂ ಅದನ್ನು ಮಾನ್ಯ ಮಾಡಲಿಲ್ಲ. ಬಟ್ಟೆಯ ಮೇಲಷ್ಟೇ ಇದ್ದ ದೇಶ ಅದು.

ಆ ಬಟ್ಟೆ ಮೊದಲು ಹಾರಿದ ಊರು ಸೊನೋಮಾ. ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರಕ್ಕೆ ಕಾರಿನಲ್ಲಿ ಗಂಟೆ, ಗಂಟೆಕಾಲಿನ ದಾರಿ. ಹಾಸನದಿಂದ ಆರು ತಿಂಗಳಿಗೆಂದು ಬಂದಿದ್ದ ನಮ್ಮಮ್ಮನನ್ನೂ ಕೂರಿಸಿಕೊಂಡು ಒಂದು ಶನಿವಾರ ಹೊರಟೆವು. ದಾರಿಯಲ್ಲಿ ವಲೇಹೋ ಎಂಬ ಊರು ಸಿಗುತ್ತದೆ. ಬೋರ್ಡಿನಲ್ಲಿರುವ ಹೆಸರನ್ನು ಸ್ಪ್ಯಾನಿಷ್ ಬಲ್ಲವರು ವಯ್ಯೆಹೊ ಎಂದು ಓದುತ್ತಾರೆ. ನಮ್ಮ ಕಥೆಯ ದೊಡ್ಡ ಮನುಷ್ಯನ ಹೆಸರು ಅದು, ಮರಿಯಾನೊ ಗ್ವಾಡಲೂಪೆ ವಯ್ಯೆಹೊ. ಪಕ್ಕದ ಬೆನಿಶಿಯಾ ಆತನ ಹೆಂಡತಿಯ ಹೆಸರಿನ ಊರು. ಸೋತವರ ಹೆಸರನ್ನು ಊರಿಗಿಟ್ಟು ಉಚ್ಚಾರವನ್ನು ಮಾತ್ರ ಗೆದ್ದವರು ತಮಗೆ ಬೇಕಾದಂತೆ ಬದಲಿಸಿಕೊಂಡಿದ್ದಾರೆ. ನನ್ನ ಹೆಸರನ್ನು ಹತ್ತೊಂಬತ್ತು ವರ್ಷದಿಂದ ಇವರು ಏನೇನು ಮಾಡಿದ್ದಾರೆಂದು ಬಲ್ಲ ನನಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ.

1846ರಲ್ಲಿ ಕ್ಯಾಲಿಫೋರ್ನಿಯಾ ಮೆಕ್ಸಿಕೋ ದೇಶದ ದೂರದ ಪ್ರಾಂತ. ಸೊನೋಮಾ ಅದರ ಉತ್ತರದ ಅಂಚಿನ ಊರು. ಒಂದು ಚೌಕ, ಅದರ ಸುತ್ತ ಮಣ್ಣಿಟ್ಟಿಗೆಯ ಮನೆಗಳು, ಮೂಲೆಯಲ್ಲಿ 1823ರಲ್ಲಿ ಸ್ಥಾಪನೆಯಾದ ಮಿಷನ್. ಊರನ್ನು ಕಟ್ಟಿಸಿದವನು ಇದೇ ವಯ್ಯೆಹೊ. ಸೇನಾಧಿಕಾರಿ, ಸಾವಿರಾರು ದನ ಕುದುರೆಗಳ ಒಡೆಯ, ಪುಸ್ತಕಪ್ರಿಯ. ಅವನ ಜಮೀನಿನಲ್ಲಿ ದುಡಿಯುತ್ತಿದ್ದವರು ಅಲ್ಲಿನ ಮೂಲ ನಿವಾಸಿಗಳು. ಆ ನೆಲ ಅವನಿಗಿಂತ ಮೊದಲು ಅವರದ್ದಾಗಿತ್ತು ಎಂಬುದನ್ನು ಈ ಕಥೆ ಹೇಳುವ ಎಲ್ಲರೂ ಮರೆಯುತ್ತಾರೆ, ಹಾಗಾಗಿ ಇಲ್ಲೇ ಹೇಳಿಬಿಡುತ್ತೇನೆ.

ಆ ಹೊತ್ತಿಗೆ ಅಮೆರಿಕದಿಂದ ಬೆಟ್ಟ ಮರುಭೂಮಿ ದಾಟಿ ಗಾಡಿಗಳಲ್ಲಿ ಜನ ಬರತೊಡಗಿದ್ದರು. ಹೆಚ್ಚಿನವರ ಹತ್ತಿರ ಮೆಕ್ಸಿಕೋದ ಅನುಮತಿ ಪತ್ರವಿರಲಿಲ್ಲ. 1841ರಲ್ಲಿ ಹೀಗೆ ಬಂದ ಮೊದಲ ದೊಡ್ಡ ತಂಡಕ್ಕೆ ಪಾಸ್‌ಪೋರ್ಟು ಬರೆಸಿಕೊಟ್ಟವನು ವಯ್ಯೆಹೊನೇ. ಆದರೆ ಜಮೀನು ಬೇಕಿದ್ದರೆ ಮೆಕ್ಸಿಕೋದ ಪ್ರಜೆಯಾಗಬೇಕಿತ್ತು. ಆಗದೆ ನೆಲೆಸಿದವರನ್ನು ಯಾವಾಗ ಬೇಕಾದರೂ ಹೊರಗಟ್ಟಬಹುದೆಂದು 1846ರ ವಸಂತದಲ್ಲಿ ಅಧಿಕಾರಿಗಳು ಎಚ್ಚರಿಸಿದ್ದರು. ಸೈನ್ಯ ಬರುತ್ತದಂತೆ, ಗುಡಿಸಲು ಸುಡುತ್ತಾರಂತೆ ಎಂಬ ಸುದ್ದಿಗಳು ಸ್ಯಾಕ್ರಮೆಂಟೋ ಕಣಿವೆಯಲ್ಲಿ ಹರಡಿದವು.

ಇದನ್ನು ಓದುತ್ತಿದ್ದಾಗ ನಗು ಬಂತು, ಸ್ವಲ್ಪ ಹೊಟ್ಟೆಯೂ ಉರಿಯಿತು. ಹನ್ನೊಂದು ವರ್ಷ ಗ್ರೀನ್ ಕಾರ್ಡಿನ ಸರದಿಯಲ್ಲಿ ನಿಂತವನು ನಾನು. ವೀಸಾದ ಸ್ಟಾಂಪಿಗಾಗಿ ಅಪ್ಪನ ತಿಥಿಗೆ ಹೋಗದೆ ಉಳಿದವನು. ಕಾಗದ ಪತ್ರವಿಲ್ಲದೆ ಗಡಿ ದಾಟಿ ಬಂದು, ಹೊರಗಟ್ಟುತ್ತಾರೆಂಬ ಭಯಕ್ಕೆ ಬಂದೂಕು ಹಿಡಿದವರು ಬರೆದ ಕರಡಿ, ನನ್ನ ಕಾಗದ ಪತ್ರ ಕೇಳುವ ರಾಜ್ಯದ ಕಚೇರಿಗಳ ಮೇಲೆ ಹಾರುತ್ತಿದೆ.

1846ರ ಜೂನ್ 14, ಭಾನುವಾರ. ಬೆಳಗಿನ ಜಾವ ಮೂವತ್ತು ಚಿಲ್ಲರೆ ಮಂದಿ ಕುದುರೆಯೇರಿ ಸೊನೋಮಾಕ್ಕೆ ನುಗ್ಗಿದರು. ಎದುರಿಸಲು ಯಾರೂ ಇರಲಿಲ್ಲ. ಸಂಬಳಕ್ಕೆ ಸರ್ಕಾರದಿಂದ ದುಡ್ಡು ಬಾರದ ಕಾರಣ ವಯ್ಯೆಹೊ ಸೈನಿಕರನ್ನು ಎಂದೋ ಮನೆಗೆ ಕಳಿಸಿದ್ದ. ಬಾಗಿಲು ಬಡಿದ ಸದ್ದಿಗೆ ಎದ್ದವನು ಸಮವಸ್ತ್ರ ಹಾಕಿಕೊಂಡು, ಮುಖಂಡರನ್ನು ಒಳಗೆ ಕರೆದು ಕೂರಿಸಿ, ಮನೆಗೆ ಬಂದವರಿಗೆ ಏನು ಕೊಡಬೇಕೋ ಅದನ್ನು ಕೊಟ್ಟ. ಬ್ರಾಂದಿ. ಶರಣಾಗತಿಯ ಷರತ್ತು ಬರೆಯಲು ಒಳಗೆ ಹೋದವರು ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಹೊರಗೆ ಕಾದು ಕಾದು ಸಾಕಾದವರು ಜಾನ್ ಗ್ರಿಗ್ಸ್‌ಬಿಯನ್ನು ನಾಯಕನನ್ನಾಗಿ ಆರಿಸಿ ಒಳಗೆ ಕಳಿಸಿದರು. ಅವನೂ ಹೊರಗೆ ಬರಲಿಲ್ಲ. ಕೊನೆಗೆ ವಿಲಿಯಂ ಐಡ್ ಎಂಬ ಬಡಗಿ ಒಳಗೆ ಹೋಗಿ ನೋಡಿದರೆ, ಮೊದಲು ಹೋದವರು ಅಮಲೇರಿ ಕುಳಿತಿದ್ದರು. ಐಡ್ ಮದ್ಯ ಮುಟ್ಟದ ಮನುಷ್ಯ. ಮುಂದಿನ ಮೂರೂವರೆ ವಾರದ ನಾಯಕತ್ವ ಅವನಿಗೆ ಸಿಕ್ಕಿದ್ದಕ್ಕೆ ಇದೂ ಒಂದು ಕಾರಣವಿರಬೇಕು!

ಇನ್ನೊಂದು ವಿಚಿತ್ರ ನೋಡಿ. ಕ್ಯಾಲಿಫೋರ್ನಿಯಾ ಅಮೆರಿಕಕ್ಕೆ ಸೇರುವುದೇ ಒಳ್ಳೆಯದು ಎಂದು ಬಹಿರಂಗವಾಗಿ ಹೇಳುತ್ತಿದ್ದ ಮೆಕ್ಸಿಕನ್ ಮುಖಂಡರಲ್ಲಿ ವಯ್ಯೆಹೊ ಮುಖ್ಯನಾದವನು. ಅವನನ್ನೇ ಹಿಡಿದು, ತಮ್ಮ ಸಾಲ್ವಡೋರ್ ಮತ್ತು ಭಾವ ಜೇಕಬ್ ಲೀಸ್ ಸಮೇತ ಸ್ಯಾಕ್ರಮೆಂಟೋ ಬಳಿಯ ಸಟ್ಟರ್ ಕೋಟೆಯಲ್ಲಿ ಕೂಡಿಹಾಕಿದರು. ಈ ಭಾವ ಅಮೆರಿಕದ ಓಹಾಯೋದಲ್ಲಿ ಹುಟ್ಟಿದವನು.

ಊರು ಸಿಕ್ಕಿತು, ಬಾವುಟ ಬೇಕಲ್ಲ? ಅಮೆರಿಕದ ಬಾವುಟ ಏರಿಸುವ ಅಧಿಕಾರ ಅವರಿಗಿರಲಿಲ್ಲ. ಹಾಗಾಗಿ ದೇಶವೊಂದನ್ನು ಕಲ್ಪಿಸಿಕೊಳ್ಳಬೇಕಾಯಿತು. ಮಾದರಿ ಕಣ್ಣೆದುರಿಗೇ ಇತ್ತು. ಟೆಕ್ಸಸ್ 1836ರಲ್ಲಿ ಮೆಕ್ಸಿಕೋದಿಂದ ಸಿಡಿದು ಒಂಟಿ ನಕ್ಷತ್ರದ ಬಾವುಟ ಹಾರಿಸಿ, 1845ರಲ್ಲಿ ಅಮೆರಿಕಕ್ಕೆ ಸೇರಿತ್ತು. ಆ ನಕ್ಷತ್ರವನ್ನೇ ಎರವಲು ತಂದರು. ಕೋರಾ ಬಟ್ಟೆ, ಅಂಚಿಗೆ ಕೆಂಪು ಫ್ಲಾನಲ್ಲಿನ ಪಟ್ಟಿ. ಪಟ್ಟಿ ಯಾವ ಹೆಂಗಸಿನ ಒಳಲಂಗದ್ದು ಎಂಬ ಬಗ್ಗೆ ಮೂರ್ನಾಲ್ಕು ಕುಟುಂಬಗಳ ನಡುವೆ ಮುಂದೆ ಬಹಳ ಕಾಲ ಜಗಳ ನಡೆಯಿತು. ಚಿತ್ರ ಬರೆದವನು ವಿಲಿಯಂ ಟಾಡ್. ಮುಂದೆ ಅಧ್ಯಕ್ಷನಾಗಲಿದ್ದ ಲಿಂಕನ್ನನ ಹೆಂಡತಿ ಮೇರಿ ಟಾಡ್‌ಳ ಸಂಬಂಧಿ. ಟಾಡ್ ಚಿತ್ರಕಾರನಲ್ಲ, ಆ ದಿನ ಕೈಗೆ ಸಿಕ್ಕಿದವನು.

ಸೊನೋಮಾದ ಹಳೆಯ ಬ್ಯಾರಕ್ಸಿನಲ್ಲಿ ಆ ಬಾವುಟದ ನಕಲು ಇಟ್ಟಿದ್ದಾರೆ. ಅಮ್ಮ ಕನ್ನಡಕ ಏರಿಸಿ ನೋಡಿ, "ಇದೇನೋ, ಹಂದಿ ಬರ್ದವ್ರೆ?" ಅಂದರು. ನಾನು ನಗುವುದರೊಳಗೆ ಮಗಳು ಕೈಯಲ್ಲಿದ್ದ ಪುಸ್ತಕ ತೆರೆದು ತೋರಿಸಿದಳು. 1846ರಲ್ಲಿ ಅಲ್ಲಿನ ಸ್ಪ್ಯಾನಿಷ್ ಮಾತಿನ ಜನ ಅದನ್ನು ನೋಡಿ ಹೇಳಿದ್ದೂ ಅದೇ ಮಾತು, ಕೋಚೆ. ಅಂದರೆ ಹಂದಿ. ಹಾಸನದ ಅಜ್ಜಿಗೂ ಸೊನೋಮಾದ ಆ ಜನಕ್ಕೂ 170ಕ್ಕೂ ಹೆಚ್ಚು ವರ್ಷದ ಅಂತರವಿದ್ದರೂ ಕಣ್ಣು ಒಂದೇ.

ಇಷ್ಟಕ್ಕೇ ಮುಗಿದಿದ್ದರೆ ಇದೊಂದು ಹಾಸ್ಯ ಪ್ರಸಂಗ. ಚೌಕದ ಕಂಚಿನ ವಿಗ್ರಹದ ಹತ್ತಿರ ನಿಂತು ಫೋಟೊ ತೆಗೆಸಿಕೊಳ್ಳುವವರಿಗೆ ಇಂದಿಗೂ ಅದು ಹಾಸ್ಯ ಪ್ರಸಂಗವೇ. ಐಡ್ ಹೊರಡಿಸಿದ ಘೋಷಣೆಯಲ್ಲಿ ಶಾಂತಿಯಿಂದಿರುವ ಯಾರಿಗೂ ತೊಂದರೆ ಮಾಡುವುದಿಲ್ಲ, ಎಲ್ಲರಿಗೂ ಸ್ವಾತಂತ್ರ್ಯ ಎಂದಿತ್ತು. ಜಮೀನು ಕೊಡುತ್ತೇವೆಂದು ಕರೆದು ನಮಗೆ ಮೋಸ ಮಾಡಿದರು ಎಂಬ ದೂರೂ ಇತ್ತು. ಎರಡು ವಾರದೊಳಗೆ ರಕ್ತ ಹರಿಯಿತು. ಮೊದಲು ಕರಡಿ ಬಾವುಟದವರಲ್ಲಿ ಇಬ್ಬರನ್ನು ಸಾಂತಾ ರೋಸಾ ಸಮೀಪ ಮೆಕ್ಸಿಕನ್ ಕಡೆಯವರು ಹಿಡಿದು ಕೊಂದರು. ಅಷ್ಟರಲ್ಲಿ ಅಮೆರಿಕನ್ ಸೇನೆಯ ಕ್ಯಾಪ್ಟನ್ ಜಾನ್ ಫ್ರೆಮಾಂಟ್ ಬಂದು ಸೇರಿಕೊಂಡ. ಬರುವ ಮೊದಲೇ, ಏಪ್ರಿಲ್‌ನಲ್ಲಿ, ಅವನ ತಂಡ ಸ್ಯಾಕ್ರಮೆಂಟೋ ನದಿಯ ದಂಡೆಯಲ್ಲಿ ಮೂಲ ನಿವಾಸಿಗಳನ್ನು ಕಂಡಕಂಡಲ್ಲಿ ಕೊಂದಿತ್ತು. ಜೂನ್ 28ರಂದು ಸ್ಯಾನ್ ರಫಾಯೆಲ್ ಬಳಿ ದಡಕ್ಕೆ ಬಂದಿಳಿದ ಮೂವರನ್ನು ಅವನ ಜನ ಗುಂಡಿಟ್ಟು ಕೊಂದರು. ಒಬ್ಬ ವಯಸ್ಸಾದ ಹೊಸೆ ಬೆರಿಯೆಸಾ. ಸೊನೋಮಾದಲ್ಲಿ ಸೆರೆಯಾಗಿದ್ದ ಮಗನನ್ನು ನೋಡಲು ಹೊರಟಿದ್ದ. ಇನ್ನಿಬ್ಬರು ಅವನ ಜೊತೆಗೆ ಬಂದ ಅವಳಿ ಹುಡುಗರು, ಡಿ ಹಾರೊ ಮನೆತನದವರು, ಇಪ್ಪತ್ತರ ಆಸುಪಾಸು. ಮೂವರ ಕೈಯಲ್ಲೂ ಎದುರಿಸುವಂಥದ್ದೇನೂ ಇರಲಿಲ್ಲ. ಚೌಕದ ವಿಗ್ರಹದಲ್ಲಿ ಬಾವುಟ ಹಿಡಿದ ಯುವಕನೊಬ್ಬ ಇದ್ದಾನೆ. ಆ ಅವಳಿಗಳ ನೆನಪಿಗೆ ಅಲ್ಲಿ ಏನೂ ನನಗೆ ಕಾಣಿಸಲಿಲ್ಲ.

ಜುಲೈ 9ರಂದು ಕಥೆ ಮುಗಿಯಿತು. ಅಮೆರಿಕವು ಮೆಕ್ಸಿಕೋ ಮೇಲೆ ಮೇ 13ರಂದೇ ಯುದ್ಧ ಘೋಷಿಸಿತ್ತು, ಸುದ್ದಿ ಇಲ್ಲಿಗೆ ಬಂದಿರಲಿಲ್ಲ ಅಷ್ಟೆ. ನೌಕಾಪಡೆಯ ಲೆಫ್ಟಿನೆಂಟ್ ರಿವಿಯರ್ ಬಂದು ಕರಡಿಯನ್ನು ಇಳಿಸಿ ಅಮೆರಿಕದ ಬಾವುಟ ಏರಿಸಿದ. ಯಾರೂ ಅಡ್ಡ ಬರಲಿಲ್ಲ. ಸ್ವತಂತ್ರ ದೇಶ ಬೇಕೆಂದವರು ಯಾರಿದ್ದರು ಅಲ್ಲಿ? ಟೆಕ್ಸಸ್‌ಗೆ ಒಂಬತ್ತು ವರ್ಷ ಹಿಡಿದದ್ದು ಇಲ್ಲಿ 25 ದಿನಕ್ಕೆ ಆಯಿತು. ವಯ್ಯೆಹೊ ಆಗಸ್ಟ್ ಆರಂಭದಲ್ಲಿ ಬಿಡುಗಡೆಯಾಗಿ ಜ್ವರದಿಂದ ಸೊರಗಿ ಮನೆಗೆ ಬಂದಾಗ ದನವೂ ಇಲ್ಲ, ಕುದುರೆಯೂ ಇಲ್ಲ. ಆದರೂ ಅಮೆರಿಕದ ಪರವಾಗಿಯೇ ಉಳಿದ, 1849ರ ರಾಜ್ಯ ಸಂವಿಧಾನ ಸಭೆಯಲ್ಲಿ ಕುಳಿತ, ಸೆನೆಟರನೂ ಆದ. 1862ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಅವನ ಸೊಸ್ಕೋಲ್ ಜಮೀನಿನ ಹಕ್ಕನ್ನು ತಳ್ಳಿಹಾಕಿತು. ಒಳ್ಳೆಯವನಾಗಿ ಉಳಿದರೆ ಮರ್ಯಾದೆ ಸಿಕ್ಕೀತೆಂದು ನಂಬಿದ್ದ ಮನುಷ್ಯ. ನಮ್ಮಲ್ಲೂ ಬಹಳ ಜನ ಹಾಗೇ ಇದ್ದೇವೆ.

ಅವನ ತಂಗಿ ಹಾಗಿರಲಿಲ್ಲ. ರೊಸಾಲಿಯಾ ವಯ್ಯೆಹೊ, ಜೇಕಬ್ ಲೀಸ್‌ನ ಹೆಂಡತಿ. 1874ರಲ್ಲಿ ಇತಿಹಾಸಕಾರ ಬ್ಯಾಂಕ್ರಾಫ್ಟ್ ಹಳೆಯ ಕ್ಯಾಲಿಫೋರ್ನಿಯಾದವರ ನೆನಪುಗಳನ್ನು ಸಂಗ್ರಹಿಸುತ್ತಿದ್ದಾಗ ಅವನ ಕಡೆಯವರೊಬ್ಬರು ಈಕೆಯ ಹತ್ತಿರ ಹೋದರು. ಕೆಲವೇ ಪುಟಗಳ ಹೇಳಿಕೆ. ಆಕೆಯ ಕಣ್ಣಿಗೆ ಬಂದವರು ವೀರರಲ್ಲ, ದರೋಡೆಕೋರರು. ಎಷ್ಟೋ ಮಂದಿಗೆ ಕಾಲಲ್ಲಿ ಜೋಡಿರಲಿಲ್ಲ, ಕೆಲವರಿಗೆ ಮೈಮೇಲೆ ಅಂಗಿಯೂ ಇರಲಿಲ್ಲ. ಬಾವುಟ ಎಂದರೆ ದೊಡ್ಡ ಟವೆಲ್ಲಿನಷ್ಟು ಬಟ್ಟೆ, ಅದರ ಮೇಲೊಂದು ಕೆಂಪು ಕರಡಿ, ಒಂಟಿ ನಕ್ಷತ್ರ. ಮೆಕ್ಸಿಕನ್ ಪಡೆಯೊಂದು ಊರಿನ ಕಡೆ ಬರುತ್ತಿದೆ ಎಂದು ಗೊತ್ತಾದಾಗ, ಹಿಂದಿರುಗಿ ಹೋಗಿ ಎಂದು ಅದರ ನಾಯಕ ಪಡಿಯಾನಿಗೆ ಪತ್ರ ಬರೆಯದಿದ್ದರೆ ಮನೆಗಳಿಗೆ ಬೆಂಕಿ ಇಡುತ್ತೇವೆಂದು ಬೆದರಿಸಿದರಂತೆ. ಆಕೆ ಆಗ ಗರ್ಭಿಣಿ. ಬರೆದುಕೊಟ್ಟಳು. 28 ವರ್ಷ ಕಳೆದ ಮೇಲೂ ಆ ಅವಮಾನ ಮರೆಯಲಾಗಿಲ್ಲ, ಅದಕ್ಕಾಗಿಯೇ ಇವರ ಭಾಷೆಯನ್ನು ನಾನು ಕಲಿತಿಲ್ಲ ಎಂದು ಹೇಳಿದಳು.

ಇಂಗ್ಲಿಷ್ ಮನೆಮಾತಿನ ಗಂಡನ ಜೊತೆ ಸಂಸಾರ ಮಾಡಿ, ಸುತ್ತ ಊರಿಗೆ ಊರೇ ಇಂಗ್ಲಿಷಾಗುತ್ತಿದ್ದಾಗ, ಒಂದು ಹೆಂಗಸು ಹಟ ಹಿಡಿದು ಒಂದು ಭಾಷೆಯನ್ನು ಕಲಿಯದೆ ಉಳಿದಳು. 1849ರ ಸಂವಿಧಾನದ ಪ್ರಕಾರ ರಾಜ್ಯದ ಕಾನೂನುಗಳನ್ನು ಸ್ಪ್ಯಾನಿಷ್‌ನಲ್ಲೂ ಪ್ರಕಟಿಸಬೇಕಿತ್ತು. ಆಕೆ ಹೇಳಿಕೆ ಕೊಟ್ಟ ಐದು ವರ್ಷಕ್ಕೆ, 1879ರ ಹೊಸ ಸಂವಿಧಾನದಲ್ಲಿ, ಅದೂ ಹೋಯಿತು. ಸರ್ಕಾರದ ಬರಹವೆಲ್ಲ ಇನ್ನು ಇಂಗ್ಲಿಷಿನಲ್ಲಿ ಮಾತ್ರ.

ಮೂಲ ಬಾವುಟ ಸ್ಯಾನ್ ಫ್ರಾನ್ಸಿಸ್ಕೋದ ಸಂಘವೊಂದರ ಕಟ್ಟಡದಲ್ಲಿತ್ತು. 1906ರ ಭೂಕಂಪದ ನಂತರದ ಬೆಂಕಿಯಲ್ಲಿ ಸುಟ್ಟುಹೋಯಿತು. ಅದರ ಎರಡನೇ ಜನ್ಮ 1911ರಲ್ಲಿ, ರಾಜ್ಯದ ಬಾವುಟವಾಗಿ. ಕಾನೂನಿಗೆ ಸಹಿ ಹಾಕಿದ ಗವರ್ನರ್ ಹೈರಮ್ ಜಾನ್ಸನ್. ಎರಡು ವರ್ಷದ ನಂತರ, 1913ರಲ್ಲಿ, ಪೌರತ್ವ ಪಡೆಯಲು ಅರ್ಹರಲ್ಲದ ಪರದೇಶಿಗಳು ಸಾಗುವಳಿ ಜಮೀನು ಕೊಳ್ಳಬಾರದೆಂಬ ಕಾನೂನಿಗೆ ಸಹಿ ಹಾಕಿದವನೂ ಇವನೇ. ಗುರಿ ಜಪಾನೀಯರು. 1923ರಲ್ಲಿ ಭಗತ್ ಸಿಂಗ್ ಥಿಂದ್ ಮೊಕದ್ದಮೆಯಲ್ಲಿ ಭಾರತೀಯರು ಪೌರತ್ವಕ್ಕೆ ಅರ್ಹರಲ್ಲ ಎಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟ ಮೇಲೆ ಇಲ್ಲಿನ ಪಂಜಾಬಿ ರೈತರಿಗೂ ಅದು ಸುತ್ತಿಕೊಂಡಿತು. ಪ್ರಜೆಗಳಾಗದೆ ಜಮೀನು ಬೇಕೆಂದವರ ಬಾವುಟ ಮೇಲೆ, ಪ್ರಜೆಗಳಾಗಲು ಬಿಡದೆ ಜಮೀನು ಕಿತ್ತುಕೊಂಡವರ ಕಾನೂನು ಕೆಳಗೆ.

ಕರಡಿಯ ಪಾಡೇನು? 1889ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಪತ್ರಿಕಾ ದೊರೆ ಹರ್ಸ್ಟ್ ತನ್ನ ಪತ್ರಿಕೆಯ ಪ್ರಚಾರಕ್ಕೆಂದು ವರದಿಗಾರನೊಬ್ಬನನ್ನು ಕಳಿಸಿ ಒಂದು ಗ್ರಿಜ್ಲಿ ಕರಡಿಯನ್ನು ಹಿಡಿಸಿದ. ಹೆಸರು ಮೊನಾರ್ಕ್. ಇಪ್ಪತ್ತೆರಡು ವರ್ಷ ಬೋನಿನಲ್ಲಿದ್ದು ಅದು ಸತ್ತದ್ದು 1911ರಲ್ಲಿ, ಬಾವುಟ ಅಧಿಕೃತವಾದ ವರ್ಷವೇ. ಕಾಡಿನಲ್ಲಿದ್ದವನ್ನು ಅಷ್ಟರಲ್ಲಿ ಬಹುಮಟ್ಟಿಗೆ ಬೇಟೆಯಾಡಿ ಮುಗಿಸಿದ್ದರು. 1924ರ ನಂತರ ಕ್ಯಾಲಿಫೋರ್ನಿಯಾದಲ್ಲಿ ಗ್ರಿಜ್ಲಿಯನ್ನು ಕಂಡವರಿಲ್ಲ. 1953ರಲ್ಲಿ ಬಾವುಟದ ಚಿತ್ರವನ್ನು ಒಂದೇ ನಮೂನೆಗೆ ತಂದಾಗ ಹುಲ್ಲು ತುಂಬಿಸಿಟ್ಟ ಮೊನಾರ್ಕ್‌ನನ್ನೇ ಮಾದರಿಯಾಗಿ ಇಟ್ಟುಕೊಂಡರು. ಅದೇ ವರ್ಷ ಗ್ರಿಜ್ಲಿ ರಾಜ್ಯ ಪ್ರಾಣಿಯೂ ಆಯಿತು, ರಾಜ್ಯದಲ್ಲಿ ಒಂದೂ ಉಳಿಯದ ಮೇಲೆ.

ನವೆಂಬರಿನಲ್ಲಿ ನಮ್ಮ ರಾಜ್ಯೋತ್ಸವ ನಡೆಯುವುದು ಬಾಡಿಗೆಗೆ ಹಿಡಿದ ಶಾಲೆಯ ಸಭಾಂಗಣದಲ್ಲಿ. ವೇದಿಕೆಯ ಮೂಲೆಯಲ್ಲಿ ಶಾಲೆಯವರು ನಿಲ್ಲಿಸಿದ ಕರಡಿ, ನಡುವೆ ನಾವು ಕಟ್ಟಿದ ಅರಿಸಿನ ಕುಂಕುಮದ ಬಾವುಟ. 1960ರ ದಶಕದಲ್ಲಿ ಪತ್ರಕರ್ತ, ಹೋರಾಟಗಾರ ಮ. ರಾಮಮೂರ್ತಿಯವರು ರೂಪಿಸಿಕೊಟ್ಟ ಬಾವುಟ. ಆಟೋದ ಮೇಲೆ, ಊರಿನ ವೃತ್ತಗಳಲ್ಲಿ, ಸಿನಿಮಾ ಮಂದಿರದ ಮುಂದೆ, ಅದಕ್ಕೆ ಯಾರ ಸಹಿಯೂ ಬೇಕಾಗಲಿಲ್ಲ. 2018ರ ಮಾರ್ಚ್ 8ರಂದು ಸಿದ್ದರಾಮಯ್ಯನವರ ಸರ್ಕಾರ ನಡುವೆ ಬಿಳಿ ಸೇರಿಸಿ, ಗಂಡಭೇರುಂಡವಿರುವ ರಾಜ್ಯ ಲಾಂಛನ ಇಟ್ಟು ನಾಡಧ್ವಜವೊಂದನ್ನು ಅನಾವರಣ ಮಾಡಿ ಕೇಂದ್ರಕ್ಕೆ ಕಳಿಸಿತು. ಒಪ್ಪಿಗೆ ಬರಲಿಲ್ಲ. ಎರಡು ಬಣ್ಣದ್ದು ಕಟ್ಟಬೇಕೋ ಮೂರು ಬಣ್ಣದ್ದೋ ಎಂದು ಆ ವರ್ಷ ನಮ್ಮ ಕೂಟದಲ್ಲಿ ಅರ್ಧ ದಿನ ವಾದವಾಯಿತು. ರಾಜ್ಯಕ್ಕೊಂದು ಬಾವುಟವಿದ್ದರೆ ದೇಶ ಒಡೆಯುತ್ತದೆ ಎಂದು ಅಲ್ಲೂ ಒಬ್ಬರು ಗುಡುಗಿದರು. ಅವರ ತಲೆಯ ಮೇಲಿದ್ದ ಟೋಪಿಯಲ್ಲಿ ರಿಪಬ್ಲಿಕ್ ಎಂದು ಬರೆದ ಕರಡಿ ನಡೆದು ಹೋಗುತ್ತಿತ್ತು. ಆಗ ನನಗೂ ಅದು ಕಂಡಿರಲಿಲ್ಲ, ಈಗ ಫೋಟೊ ನೋಡಿದಾಗ ಕಂಡಿತು.

ಸೊನೋಮಾದಿಂದ ಹಿಂದಿರುಗುವಾಗ ಕಾರಿನಲ್ಲಿ ರೊಸಾಲಿಯಾಳ ಕಥೆಯನ್ನು ಅಮ್ಮನಿಗೆ ಹೇಳಿದೆ. ನಡುನಡುವೆ ಮಗಳು ಇಂಗ್ಲಿಷಿನಲ್ಲಿ ತಿದ್ದುತ್ತಿದ್ದಳು, ನಾನು ಅದನ್ನು ಅಮ್ಮನಿಗೆ ಕನ್ನಡದಲ್ಲಿ ಹೇಳುತ್ತಿದ್ದೆ. ಮನೆಯಲ್ಲಿ ನಮ್ಮ ಮೂವರ ಮಾತು ನಡೆಯುವುದೇ ಹೀಗೆ, ನನ್ನ ಮೂಲಕ. ಅಮ್ಮ ಎಲ್ಲ ಕೇಳಿ, "ಸರಿಯಾಗೇ ಮಾಡಿದ್ಳು ಬಿಡು, ನಾನಾದ್ರೂ ಕಲೀತಿರ್ಲಿಲ್ಲ" ಅಂದರು. ಸೇತುವೆ ದಾಟುವವರೆಗೂ ಸುಮ್ಮನೆ ನೀರು ನೋಡುತ್ತಾ ಕೂತಿದ್ದವರು, ಆಮೇಲೆ ತಮಗೆ ತಾವೇ ಎಂಬಂತೆ, "ಅವಳ ಮೊಮ್ಮಕ್ಕಳು ಅವಳ ಜೊತೆ ಯಾವ ಭಾಷೇಲಿ ಮಾತಾಡ್ತಿದ್ವೋ ಏನೋ" ಅಂದರು.

ಹಿಂದಿನ ಸೀಟಿನಿಂದ, "ಅಜ್ಜಿ ಏನಂದ್ರು ಅಪ್ಪಾ?" ಎಂದು ಮಗಳು ಕೇಳಿದಳು.

ಹೇಳಿದೆ. ಅವಳು ಏನೂ ಅನ್ನಲಿಲ್ಲ.

ಮರುದಿನ ಇಬ್ಬರೂ ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು ಕೂತಿದ್ದರು. ಕರಡಿಯನ್ನು ಟಾಡ್ ಬರೆದಂತೆಯೇ ಹಂದಿಯಾಗಿ ಬರೆಯಬೇಕೆಂದು ಮಗಳ ಹಟ. ಅಜ್ಜಿ ಅದಕ್ಕೆ ಕೆಂಪು ಬಣ್ಣ ತುಂಬುತ್ತಿದ್ದರು. "ಬಾಲ ಚಿಕ್ದು ಮಾಡು," "ಕಿವಿ ಇಷ್ಟು ದೊಡ್ಡದಾ?" ಎಂದು ಕನ್ನಡದಲ್ಲೇ ತಡವರಿಸಿಕೊಂಡು ಮಾತು ನಡೆದಿತ್ತು. ನನ್ನನ್ನು ಯಾರೂ ಕರೆಯಲಿಲ್ಲ.